ಲೆಸ್ಯಾ ನಿಲ್ಲದ ಗ್ರೂಪ್ ಫೋಟೋ

“ಎರಡನ್ನೂ ಸೇರಿಸಿ ಒಂದೇ ಐಟಂ ಮಾಡ್ಬಿಟ್ಟೆ ಕಣಮ್ಮ. ಟೈಮೂ ಉಳೀತು, ಊಟಾನೂ ಆರಿಹೋಗಲ್ಲ” ಎಂದರು ಮೂರ್ತಿ ಅಂಕಲ್ ಫೋನಿನಲ್ಲಿ.

ಯಾವ ಎರಡು ಅಂತೀರಾ? ಒಂದು ಉಕ್ರೇನಿನ ಹಾಡು. ಇನ್ನೊಂದು ರಷ್ಯಾದ ಡ್ಯಾನ್ಸು!

ನಾನಾಗ ಗ್ಲೆನೆಲ್ಗ್‌ನಿಂದ ಆಸ್ಪತ್ರೆಗೆ ಹೊರಟು ಟ್ರಾಮ್‌ನಲ್ಲಿದ್ದೆ. “ಅಯ್ಯೋ ಅಂಕಲ್, ಏನ್ ಮಾಡ್ಬಿಟ್ರಿ!” ಎಂದು ಕಿರುಚಿದ್ದಕ್ಕೆ ಎದುರು ಸೀಟಿನ ಅಜ್ಜಿ ಕಾಫಿ ಕಪ್ಪನ್ನು ಎದೆಗೆ ಒತ್ತಿಕೊಂಡರು. (ಟ್ರಾಮ್‌ನಲ್ಲಿ ಕನ್ನಡದಲ್ಲಿ ಕಿರುಚುವ ಹೆಂಗಸು ಅಡಿಲೇಡ್‌ಗೆ ಇನ್ನೂ ಅಭ್ಯಾಸವಾಗಿಲ್ಲ.)

ಮೂರ್ತಿ ಅಂಕಲ್ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ನಿವೃತ್ತ ಇಂಜಿನಿಯರ್. ಸಂಘದ ಕುರ್ಚಿ ಜೋಡಿಸುವುದರಿಂದ ಹಿಡಿದು ಬಿಸಿಬೇಳೆಬಾತ್‌ಗೆ ಉಪ್ಪು ನೋಡುವವರೆಗೆ ಎಲ್ಲದಕ್ಕೂ ಅವರೇ ಬೇಕು. ಪ್ರತಿ ವರ್ಷದ ರಾಜ್ಯೋತ್ಸವದಲ್ಲಿ ಬೇರೆ ದೇಶದವರನ್ನು ಕರೆದು ಒಂದು ಹಾಡೋ ನೃತ್ಯವೋ ಮಾಡಿಸಿ, ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು ಕಳಿಸುವುದು ನಮ್ಮ ಸಂಪ್ರದಾಯ. ಈ ಸಲ ಲೆಸ್ಯಾಳನ್ನು ಕರೆಯೋಣ ಎಂದು ಹೇಳಿದವಳು ನಾನೇ.

ಲೆಸ್ಯಾ ನಮ್ಮ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿದ್ದಾಳೆ. ನಾನು ಅಲ್ಲೇ ಫಿಸಿಯೋ. ಖಾರ್ಕಿವ್‌ನವಳು. ಯುದ್ಧ ಶುರುವಾದ ಮೇಲೆ ಒಂದು ಸೂಟ್‌ಕೇಸು, ಒಂದು ಬಂಡೂರಾ ಹಿಡಿದುಕೊಂಡು ಇಲ್ಲಿಗೆ ಬಂದವಳು. ಬಂಡೂರಾ ಅಂದರೆ ಅವರ ತಂತಿವಾದ್ಯ. ಮಡಿಲಲ್ಲಿ ನಿಲ್ಲಿಸಿಕೊಂಡು ಎರಡೂ ಕೈಯಲ್ಲಿ ಮೀಟುತ್ತಾರೆ. ಮಗುವನ್ನು ಕೂರಿಸಿಕೊಂಡು ತಲೆ ಬಾಚುವ ಹಾಗೆ ಕಾಣುತ್ತದೆ.

ಅವಳಿಗೊಬ್ಬ ತಮ್ಮ, ಆಂದ್ರೀ. ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದ. ಈಗ ಸೈನ್ಯದಲ್ಲಿ, ಗಡಿಯ ಕಂದಕದಲ್ಲಿ. ಚಿಕ್ಕಂದಿನಿಂದ ಅಕ್ಕ ತಮ್ಮ ಇಬ್ಬರೂ ಜೊತೆಯಾಗಿ ಹಾಡಿದವರು. ನಾನು ಕಾರ್ಯಕ್ರಮಕ್ಕೆ ಕರೆದಾಗ ಲೆಸ್ಯಾ ಮೊದಲು ಆಗುವುದಿಲ್ಲ ಎಂದಿದ್ದಳು. ತಮ್ಮನೇ ಒಪ್ಪಿಸಿದನಂತೆ. “ನಮ್ಮನ್ನು ಕಂಡೇ ಇಲ್ಲದವರ ಮುಂದೆ ಹಾಡು. ನಮಗೂ ಒಂದು ದನಿ ಇದೆ ಅಂತ ಅವರಿಗೆ ಗೊತ್ತಾಗಲಿ. ವಿಡಿಯೋ ಕಳಿಸು, ಇಲ್ಲಿ ಎಲ್ಲರಿಗೂ ತೋರಿಸ್ತೀನಿ” ಎಂದನಂತೆ.

ಪಂಡಿತರು ಇದನ್ನು ಸಾಫ್ಟ್ ಪವರ್ ಎನ್ನುತ್ತಾರೆ. ಫಿರಂಗಿಯಿಂದ ಆಗದ್ದನ್ನು ಹಾಡಿನಿಂದ, ಅಡುಗೆಯಿಂದ, ಕಸೂತಿಯಿಂದ ಮಾಡಿಸುವ ವಿದ್ಯೆ. ನಮಗೆ ಇದು ಹೊಸದೇನಲ್ಲ ಬಿಡಿ. ಆಫೀಸಿನ ಮಾರ್ನಿಂಗ್ ಟೀಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗುವ ನಾವೆಲ್ಲ ಅದನ್ನೇ ಮಾಡುವುದು. ವ್ಯತ್ಯಾಸ ಇಷ್ಟೇ: ನಮ್ಮ ಮೈಸೂರು ಪಾಕ್ ಯಾರಿಗೂ ಹಿಡಿಸದಿದ್ದರೆ ನಮ್ಮ ಊರಿನ ಮೇಲೆ ಬಾಂಬು ಬೀಳುವುದಿಲ್ಲ.

ಸರಿ, ಡ್ಯಾನ್ಸಿಗೆ ಬರುತ್ತೇನೆ. ಇರೀನಾ ಎಂಬಾಕೆ ನಮ್ಮ ಕಡೆ ಬ್ಯಾಲೆ ಕಲಿಸುತ್ತಾಳೆ. ರಷ್ಯಾದವಳು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಅಡಿಲೇಡ್‌ನ ಕನ್ನಡದ ಮಕ್ಕಳಲ್ಲಿ ಅರ್ಧ ಜನ ಅವಳ ಹತ್ತಿರವೇ ಕಲಿಯುವುದು. ನನ್ನ ಮಗಳು ತನ್ವಿಯೂ ಅವಳ ಶಿಷ್ಯೆ. ಆ ಮಕ್ಕಳ ನೃತ್ಯ ಮೊದಲೇ ಕಾರ್ಯಕ್ರಮದಲ್ಲಿತ್ತು. ಅಂಕಲ್ ಎರಡನ್ನೂ ನೋಡಿದರು, ಲೆಕ್ಕ ಹಾಕಿದರು, ಒಂದಕ್ಕೊಂದು ಅಂಟಿಸಿದರು. ಲೆಸ್ಯಾ ಹಾಡಬೇಕಂತೆ, ಇರೀನಾಳ ಮಕ್ಕಳು ಕುಣಿಯಬೇಕಂತೆ. ಕೊನೆಗೆ ಇಬ್ಬರೂ ಕೈ ಕೈ ಹಿಡಿದು ನಮಸ್ಕಾರ ಮಾಡಬೇಕಂತೆ!

“ಅಂಕಲ್, ಅವರ ಮಧ್ಯೆ ಯುದ್ಧ ನಡೀತಿದೆ.”

“ಅದಕ್ಕೇ ಅಲ್ವೇನಮ್ಮ? ಕಲೆಗೆ ಗಡಿ ಇಲ್ಲ. ಒಂದು ಒಳ್ಳೇ ಮೆಸೇಜ್ ಹೋಗುತ್ತೆ.”

ಕಲೆಗೆ ಗಡಿ ಇಲ್ಲ! ಈ ಮಾತನ್ನು ನಾನು ಎಷ್ಟು ಉದ್ಘಾಟನಾ ಭಾಷಣಗಳಲ್ಲಿ ಕೇಳಿದ್ದೇನೋ. ಚಪ್ಪಾಳೆಯನ್ನೂ ತಟ್ಟಿದ್ದೇನೆ. ಆದರೆ ಇದೇ ಮೂರ್ತಿ ಅಂಕಲ್ ಹೋದ ಬೇಸಿಗೆಯ ಬಾರ್ಬಿಕ್ಯೂನಲ್ಲಿ ಏನು ಮಾಡಿದರು ಗೊತ್ತೇ? ಪಕ್ಕದ ಮನೆಯಾತ ಪಾಪ, “ಕನ್ನಡ ಅಂದ್ರೆ ಹಿಂದಿಯದೇ ಒಂದು ತರಹ ಅಲ್ವಾ?” ಎಂದು ಕೇಳಿದ ಅಷ್ಟೇ. ಶಾಸನದಿಂದ ಶುರುಮಾಡಿದರು ನೋಡಿ! ಒಲೆಯ ಮೇಲಿನ ಜೋಳವೆಲ್ಲ ಇದ್ದಿಲಾದರೂ ಬಿಡಲಿಲ್ಲ. ಅದನ್ನೇ ನೆನಪಿಸಿದೆ. “ಅದು ಬೇರೆ, ಇದು ಬೇರೆ” ಎಂದು ಗೊಣಗಿದರು. ನಾನು ಬಿಡಲಿಲ್ಲ. ಆಸ್ಪತ್ರೆಯ ಸ್ಟಾಪ್ ಬರುವಷ್ಟರಲ್ಲಿ ಎರಡು ಐಟಂಗಳನ್ನು ಬಿಡಿಸಿ, ಮಧ್ಯೆ ಒಂದು ಕಂಸಾಳೆಯನ್ನೂ ತೂರಿಸಿದೆ.

ಗೆದ್ದೆ ಅಂದುಕೊಂಡೆ. ಎಲ್ಲಿಯ ಗೆಲುವು!

ಕಾರ್ಯಕ್ರಮದ ದಿನ ಗ್ರೀನ್‌ರೂಮಿನಲ್ಲಿ ಅದೇನು ಬಿಗಿ ಅಂತೀರಿ. ಒಂದು ಮೂಲೆಯಲ್ಲಿ ಲೆಸ್ಯಾ, ಕಸೂತಿಯ ಬಿಳಿ ಅಂಗಿ ತೊಟ್ಟು ತಂತಿ ಬಿಗಿ ಮಾಡುತ್ತಾ ಕೂತಿದ್ದಳು. ಇನ್ನೊಂದು ಮೂಲೆಯಲ್ಲಿ ಇರೀನಾ ಮಕ್ಕಳ ಜಡೆಗೆ ಪಿನ್ನು ಚುಚ್ಚುತ್ತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ. ಮಧ್ಯದ ಟೇಬಲ್ಲಿನ ಮೇಲೆ ಖಾರಾಬಾತ್, ಕೇಸರಿಬಾತ್ ಹಾಗೇ ಇತ್ತು.

ಇರೀನಾ ನನ್ನನ್ನು ಬಾಗಿಲ ಹತ್ತಿರ ಕರೆದಳು. “ನಾನು ಯಾರನ್ನೂ ಕೊಂದಿಲ್ಲ. ನಾನು ಮಕ್ಕಳಿಗೆ ಕುಣಿಯೋದು ಕಲಿಸ್ತೀನಿ ಅಷ್ಟೇ” ಎಂದಳು. ಕಣ್ಣು ತುಂಬಿತ್ತು. ನನ್ನ ಮಗಳಿಗೆ ಜ್ವರ ಬಂದಾಗ ಮನೆಗೇ ಸೂಪ್ ತಂದುಕೊಟ್ಟ ಹೆಂಗಸು ಅವಳು.

ಲೆಸ್ಯಾಳಿಗೆ ಈ ಮಾತು ಹೇಳಿದೆ. “ನಂಗೊತ್ತು. ಅವಳ ಜೊತೆ ನನಗೆ ಜಗಳ ಇಲ್ಲ. ಅವಳ ಪಕ್ಕ ನಗ್ತಾ ನಿಲ್ಲೋಕೆ ಆಗಲ್ಲ ಅಷ್ಟೇ. ಅಂಥ ಒಂದೇ ಒಂದು ಫೋಟೋ ಸಿಕ್ಕಿದ್ರೂ ಸಾಕು, ನೋಡಿ ಅಕ್ಕತಂಗಿಯರು, ಯುದ್ಧ ಎಲ್ಲಿದೆ ಅಂತ ರಷ್ಯಾದವರು ಊರೆಲ್ಲ ಸಾರ್ತಾರೆ. ನನ್ನ ತಮ್ಮನೂ ಅದನ್ನ ನೋಡ್ತಾನೆ. ಅವನ ಜೊತೆ ಇರೋರೂ ನೋಡ್ತಾರೆ” ಎಂದಳು. (ಇಬ್ಬರೂ ಹೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡ ಮಾಡಿದ್ದು ನಾನು.)

ನಾನು ಓಡಿ ಹೋಗಿ ಅಂಕಲ್‌ಗೆ ಹೇಳಿದೆ: “ಗ್ರೂಪ್ ಫೋಟೋಗೆ ಲೆಸ್ಯಾನ ಕರೀಬೇಡಿ.”

“ಆಯ್ತು ಹೋಗಮ್ಮ, ನಾನು ನೋಡ್ಕೋತೀನಿ” ಎಂದರು. ಕೈಯಲ್ಲಿ ಪೇಟಗಳ ಡಬ್ಬ ಹಿಡಿದುಕೊಂಡಿದ್ದರು. ಅರ್ಧವೂ ಕೇಳಿಸಿಕೊಳ್ಳಲಿಲ್ಲ.

ಲೆಸ್ಯಾ ಹಾಡಿದಳು. ಅವಳ ಅಜ್ಜಿಯ ಊರಿನ ಸುಗ್ಗಿಯ ಹಾಡಂತೆ. ಒಂದು ಸಾಲು ಅಕ್ಕನದು, ಒಂದು ಸಾಲು ತಮ್ಮನದು. ತಮ್ಮನ ಸಾಲು ಬಂದಾಗಲೆಲ್ಲ ಅವಳು ಬಾಯಿ ಮುಚ್ಚಿಕೊಂಡು ಬರೀ ತಂತಿ ಮೀಟಿದಳು. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಹಿಂದಿನ ಸಾಲಿನಲ್ಲಿ ಹರಟುತ್ತಿದ್ದ ಗಂಡಸರು ಸುಮ್ಮನಾದರು. ನಮ್ಮ ಸಭೆಯಲ್ಲಿ ಅದು ಸಣ್ಣ ಸಾಧನೆಯಲ್ಲ. ನನ್ನ ಪಕ್ಕದ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು “ಪಾಪ, ಯಾರಿಗೋ ಕಾಯ್ತಾ ಇದ್ದಾಳೆ ಅಲ್ವಾ?” ಎಂದರು.

ಶಾಲು, ಪೇಟ, ಫಲತಾಂಬೂಲ ಎಲ್ಲ ಆಯಿತು. ಲೆಸ್ಯಾ ಪೇಟ ಇಟ್ಟುಕೊಂಡು ನಗುತ್ತಾ ಒಬ್ಬಳೇ ಫೋಟೋ ತೆಗೆಸಿಕೊಂಡಳು. “ಕಲಾವಿದರೆಲ್ಲ ವೇದಿಕೆಗೆ ಬನ್ನಿ, ಗ್ರೂಪ್ ಫೋಟೋ!” ಎಂಬ ಕೂಗು ಬಿದ್ದಾಗ ಪಕ್ಕದ ಬಾಗಿಲಿನಿಂದ ಇಳಿದು ಕಾರ್ ಪಾರ್ಕಿಗೆ ಬಂದಳು, ಹಿಂದೆಯೇ ನಾನೂ ಬಂದೆ. ಅಲ್ಲೇ ನಿಂತು ವಿಡಿಯೋವನ್ನು ತಮ್ಮನಿಗೆ ಕಳಿಸಿದಳು. “ಅವನ ಫೋನ್ ಯಾವಾಗ ಆನ್ ಆಗುತ್ತೋ ಗೊತ್ತಿಲ್ಲ. ಆದ್ರೆ ಆನ್ ಆದ ತಕ್ಷಣ ಇದೇ ಸಿಗಬೇಕು” ಎಂದಳು. ಅಷ್ಟು ಖುಷಿಯಾಗಿದ್ದ ಲೆಸ್ಯಾಳನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸೋಮವಾರ ಸಂಜೆ ತನ್ವಿ ನನ್ನ ಮುಂದೆ ಫೋನ್ ಹಿಡಿದಳು. “ಅಮ್ಮಾ, ದಿಸ್ ಈಸ್ ಸೋ ಫೇಕ್. ಲುಕ್ ಅಟ್ ಹರ್ ಹ್ಯಾಂಡ್.”

ಸಂಘದ ಫೇಸ್‌ಬುಕ್ ಪುಟ. ಗ್ರೂಪ್ ಫೋಟೋ. ನಡುವೆ ಇರೀನಾ. ಅವಳ ಭುಜಕ್ಕೆ ಭುಜ ತಾಗಿಸಿ, ಪೇಟ ಇಟ್ಟುಕೊಂಡು, ನಗುತ್ತಾ ನಿಂತಿದ್ದಾಳೆ ಲೆಸ್ಯಾ!

ಎಣಿಸಿ ನೋಡಿದೆ, ಅವಳ ಕೈಯಲ್ಲಿ ಆರು ಬೆರಳು. ಅಂಕಲ್‌ಗೆ ಫೋನ್ ಮಾಡಿದೆ.

“ನೋಡ್ದ್ಯಾ? ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ!” ಎಂದರು, ಹಿಗ್ಗಿನಿಂದ. “ಪಾಪ, ಆ ಹುಡುಗಿ ಒಬ್ಬಳೇ ಬಿಟ್ಟುಹೋಗಿದ್ಲು. ಶಾಲು ಹೊದಿಸಿಕೊಂಡೋರು ಫೋಟೋದಲ್ಲಿ ಇಲ್ಲ ಅಂದ್ರೆ ಬೇಜಾರಾಗಲ್ವಾ? ಅವಳ ಸಿಂಗಲ್ ಫೋಟೋ ತೊಗೊಂಡು ಅಳಿಯನ ಕೈಲಿ ಎಐನಲ್ಲಿ ಸೇರಿಸ್ಬಿಟ್ಟೆ. ಯುಗಾದಿಲಿ ನಮ್ಮ ಸಂಘದ ಪ್ರೆಸಿಡೆಂಟ್ ಇಂಡಿಯಾದಲ್ಲಿದ್ದಾಗ ಅವರನ್ನೂ ಹಿಂಗೇ ಸೇರಿಸಿರಲಿಲ್ವಾ?”

ಸೇರಿಸಿದ್ದರು, ನಿಜ. ನಾವೆಲ್ಲ ನಕ್ಕು ಲೈಕ್ ಒತ್ತಿದ್ದೆವು. ಊರಿಗೆ ಹೋದವರು, ಅಡುಗೆಮನೆಯಲ್ಲಿದ್ದವರು, ಎಲ್ಲರನ್ನೂ ಫೋಟೋಗೆ ತುಂಬಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಯಾರೂ ಬಿಟ್ಟುಹೋಗಬಾರದು!

“ಅಂಕಲ್, ಈಗಲೇ ತೆಗೀರಿ. ಒಂದು ನಿಮಿಷನೂ ಇರಬಾರದು” ಎಂದೆ. ದನಿ ನನ್ನದೇ ಅನ್ನಿಸಲಿಲ್ಲ. ಅವರ ಮೇಲೆ ಹಾಗೆ ನಾನು ಎಂದೂ ರೇಗಿರಲಿಲ್ಲ.

ತೆಗೆದರು. ಆದರೆ ಹಿಂದಿನ ರಾತ್ರಿಯೇ ಹಾಕಿದ್ದ ಫೋಟೋ ಅದು. ಅಷ್ಟರಲ್ಲಿ ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿರುವ ನನ್ನ ನಾದಿನಿಯ ವಾಟ್ಸ್ಆಪ್ ಗ್ರೂಪಿಗೆ ಬಂದು, ಬ್ರಿಸ್ಬೇನ್ ಕಡೆಯ ಇಪ್ಸ್‌ವಿಚ್ ಡಾಕ್ಟರುಗಳ ಗ್ರೂಪನ್ನೂ ಮುಟ್ಟಿತ್ತು. ಎಲ್ಲರೂ ಕೈ ಮುಗಿಯುವ ಎಮೋಜಿ ಹಾಕಿದ್ದೇ ಹಾಕಿದ್ದು. ವಸುಧೈವ ಕುಟುಂಬಕಂ ಎಂದು ಬರೆದವರೂ ಉಂಟು. ನಮ್ಮವರ ಕೈಗೆ ಸಿಕ್ಕಿದ್ದು ನಿಲ್ಲುತ್ತದೆಯೇ?

ಅಲ್ಲಿಗೇ ಮುಗಿದಿದ್ದರೆ ಈ ಅಂಕಣ ಬರೆಯುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇರೀನಾಳ ಫೋನ್ ಬಂತು. ಅವಳ ಪರಿಚಯದವರು ಯಾರೋ ಒಂದು ಲಿಂಕ್ ಕಳಿಸಿದ್ದರಂತೆ. ಯಾವುದೋ ರಷ್ಯನ್ ಪುಟ. ಅದೇ ಫೋಟೋ. ನಮ್ಮ ಮಕ್ಕಳನ್ನೆಲ್ಲ ಕತ್ತರಿಸಿ ತೆಗೆದು ಅವರಿಬ್ಬರನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಕೆಳಗಿನ ಬರಹವನ್ನು ಇರೀನಾ ಓದಿ ಹೇಳಿದಳು: ಇವರು ಒಂದೇ ಮನೆಯವರು, ಅವಳ ಮುಖದ ಮೇಲೆ ಸಿಟ್ಟು ಎಲ್ಲಿದೆ ತೋರಿಸಿ.

“ಹೀಗೆ ಮಾಡಿ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ದಯವಿಟ್ಟು ಅವಳಿಗೆ ಹೇಳಿ, ನಾನು ಇದನ್ನ ಕೇಳಿರಲಿಲ್ಲ” ಎಂದಳು ಇರೀನಾ. ಹೇಳುತ್ತೇನೆ ಎಂದೆ.

ಅಂದು ರಾತ್ರಿಯೇ ಹೋಗಿ ಮೂರ್ತಿ ಅಂಕಲ್‌ಗೆ ಆ ಪುಟ ತೋರಿಸಿದಾಗ ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಆಮೇಲೆ ಸಂಘದ ಪುಟದಲ್ಲಿ ತಮ್ಮ ಹೆಸರಿನಲ್ಲೇ ಬರೆದರು: ಆ ಫೋಟೋ ಸುಳ್ಳು, ಆಕೆ ಅಲ್ಲಿ ನಿಂತಿರಲಿಲ್ಲ, ತಪ್ಪು ನನ್ನದು. ಒಳ್ಳೆಯ ಮನುಷ್ಯ. ಒಳ್ಳೆಯತನವೂ ಒಬ್ಬರ ಮೇಲೆ ಹೀಗೆ ಬಂದು ಬೀಳಬಹುದು ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ತಪ್ಪೊಪ್ಪಿಗೆಯನ್ನು ಪರ್ತ್‌ಗೂ ಇಪ್ಸ್‌ವಿಚ್‌ಗೂ ಯಾರೂ ಫಾರ್ವರ್ಡ್ ಮಾಡಲಿಲ್ಲ. ನಾದಿನಿಗೆ ನಾನೇ ಕಳಿಸಿದೆ. “ಓಹ್” ಎಂದು ಉತ್ತರ ಬಂತು.

ಮರುದಿನ ಎಕ್ಸ್‌ರೇ ವಿಭಾಗದ ಕಾರಿಡಾರಿನಲ್ಲಿ ಲೆಸ್ಯಾಳಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾಯ್ದೆ. ಬೈಯಲಿಲ್ಲ. ಬೆಂಚಿನ ಮೇಲೆ ಕೂತು ಫೋನ್ ತೆಗೆದಳು. “ಇಂಥ ಪುಟಗಳನ್ನೇ ಆಂದ್ರೀ ಜೊತೆಯ ಹುಡುಗರು ಹುಡುಕಿ ಹುಡುಕಿ ನೋಡ್ತಾರೆ, ಆ ಕಡೆಯವರು ಏನು ಹೇಳ್ತಿದ್ದಾರೆ ಅಂತ” ಎಂದಳು. ತಮ್ಮನಿಗೆ ಉದ್ದಕ್ಕೆ ಮೆಸೇಜ್ ಬರೆದಳು. ನಾನು ಅಲ್ಲಿ ನಿಂತಿರಲಿಲ್ಲ, ನಂಬು ಎಂದು. ಅದು ಒಂದೇ ಟಿಕ್‌ನಲ್ಲಿ ನಿಂತುಬಿಟ್ಟಿತು. ಅವನ ಫೋನ್ ಮತ್ತೆ ಆಫ್.

ಇದನ್ನು ಬರೆಯುವ ಹೊತ್ತಿಗೂ ಒಂದೇ ಟಿಕ್. ಲೆಸ್ಯಾ ಡ್ಯೂಟಿಗೆ ಬರುತ್ತಿದ್ದಾಳೆ, ರೋಗಿಗಳಿಗೆ ಉಸಿರು ಬಿಗಿ ಹಿಡಿಯಿರಿ ಎನ್ನುತ್ತಾಳೆ, ಹೊರಗೆ ಬಂದು ಫೋನ್ ನೋಡುತ್ತಾಳೆ. ನಾನೂ ಕೇಳುವುದನ್ನು ನಿಲ್ಲಿಸಿದ್ದೇನೆ. ಅವಳ ಮುಖ ನೋಡಿದರೆ ಗೊತ್ತಾಗುತ್ತದೆ.

ಆಂದ್ರೀಯ ಹೆಸರಿನ ಕೆಳಗೆ ‘ಲಾಸ್ಟ್ ಸೀನ್’ ಎಂದು ಕಾಣುತ್ತಿರುವುದು ಸೋಮವಾರ ಮಧ್ಯಾಹ್ನದ ಹೊತ್ತು. ಅಂದರೆ ಒಂದಿಷ್ಟು ಹೊತ್ತು ಅವನ ಫೋನ್ ಆನ್ ಆಗಿತ್ತು. ಆ ಹೊತ್ತಿಗೆ ಹಾಡೂ ಅವನಿಗೆ ತಲುಪಿತ್ತು, ಫೋಟೋವೂ ನೆಟ್‌ನಲ್ಲಿ ಹರಡಿತ್ತು.

ಅವನು ನೋಡಿದ್ದು ಯಾವುದನ್ನು?