ಅಪ್ಪಾಸಾಬನ ಬಾಯಿ ಮುಚ್ಚಿಸಿದ ಕತೆ

ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಹಾಳೆಗೂ ಹಾಳೆಗೂ ನಡುವೆ ಜೇಡರ ಬಲೆಯ ಚಿತ್ತಾರವಿದ್ದ ಒಂದು ತೆಳ್ಳನೆಯ ಕಾಗದ ಇರುತ್ತಿತ್ತಲ್ಲ, ನಿಮ್ಮ ಮನೆಯಲ್ಲೂ ಇದ್ದೀತು. ಅದನ್ನು ಸರಿಸುವ ಸರಪರ ಸದ್ದು ಕಿವಿಗೆ ಬಿದ್ದರೆ ಸಾಕು, ಮನೆಮಂದಿಯೆಲ್ಲ ಒಲೆಯ ಮೇಲಿನ ಹಾಲು ಮರೆತು ಓಡಿಬಂದು ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. ಹೋದ ತಿಂಗಳು ಅಥಣಿಯಲ್ಲಿ ನಾವು ಮೂವರು ಗೆಳೆಯರು, ಮೂವರೂ ಅರವತ್ತು ದಾಟಿದವರು, ಎರಡು ದಿನ ಬೇರೆ ಕೆಲಸವಿಲ್ಲದೆ ಇದೇ ಸದ್ದು ಮಾಡುತ್ತ ಕೂತಿದ್ದೆವು. ನಮ್ಮ ಅಪ್ಪಾಸಾಬ ತೀರಿಕೊಂಡಿದ್ದ. ಅವನದೊಂದು ಫೋಟೋ ಬೇಕಾಗಿತ್ತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಲಿ. ಹುಟ್ಟುಹಬ್ಬವಾಗಲಿ, ಚುನಾವಣೆಯಾಗಲಿ, ಸಾವಾಗಲಿ, ಚೌಕಿನಲ್ಲಿ ಒಂದು ಫ್ಲೆಕ್ಸು ಕಟ್ಟದಿದ್ದರೆ ಆ ಸಂಗತಿ ನಡೆದೇ ಇಲ್ಲವೆಂದು ಲೆಕ್ಕ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಬದುಕಿದ್ದವರೂ ಸತ್ತವರೂ ಒಂದೇ ಅಳತೆಯಲ್ಲಿ ಪಕ್ಕಪಕ್ಕ ತೂಗಾಡುತ್ತಾರೆ; ಮೇಲೆ ಕನ್ನಡದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ, ಕೆಳಗೆ ಬೀಗರಿಗೆಂದು ಅದನ್ನೇ ಮರಾಠಿಯಲ್ಲಿ. ಹನ್ನೊಂದನೆಯ ದಿನದ ಕಾರ್ಯಕ್ಕೆ ಫ್ಲೆಕ್ಸು ಕಟ್ಟುವ ಜವಾಬ್ದಾರಿಯನ್ನು ನಾವು ಹೊತ್ತಿದ್ದೆವು. ಅಪ್ಪಾಸಾಬನ ಹೆಂಡತಿ, ನಮ್ಮೆಲ್ಲರ ಅತ್ತಿಗೆ ಸುಮನ್ ವೈನಿ ನನ್ನನ್ನು ಪಡಸಾಲೆಗೆ ಕರೆದು ಒಂದೇ ಒಂದು ಮಾತು ಕೇಳಿಕೊಂಡಳು.

"ಮಾಸ್ತರ್ರ, ಬಾಯಿ ಮುಚ್ಚಿದ್ದು ಒಂದು ಫೋಟೋ ಹುಡುಕ್ರಿ. ಮಿರಜದಿಂದ ನಮ್ಮಣ್ಣ ಬರಾಂವ ಅದಾನ. ನಿನ್ನ ಗಂಡ ಬರೇ ಹಲ್ಲ ಕಿಸಿಯಾಂವ ಅಂತ ಜಲಮ ಪೂರ್ತಿ ಆಡಕೋತ ಬಂದಾನ. ಈಗರೆ ಅಂವನ ಮುಂದ ಇವರು ಒಂದ ಸಲ ಹಿರೇ ಮನಶ್ಯಾನಂಗ ನಿಂದರಲಿ."

ಕೇಳಿದ್ದು ನ್ಯಾಯವೇ. ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದ್ದನ್ನು ಇಲ್ಲವೆನ್ನುವುದಾದರೂ ಹೇಗೆ? ಆದರೆ ಆಕಾಶದ ಚಿಕ್ಕಿ ತಂದುಕೊಡು ಎಂದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಪ್ಪಾಸಾಬನಿಗೆ ದ್ರಾಕ್ಷಿ ತೋಟವಿತ್ತು ನಿಜ, ಆದರೆ ಅವನ ಖರೆ ಕಸುಬು ಮಂದಿಯ ಮದುವೆಗಳಲ್ಲಿ ಬಡಿಸುವುದು. ಯಾರೂ ಹೇಳಬೇಕಿರಲಿಲ್ಲ. ಅಂಗಿಯ ತೋಳು ಮಡಚಿ, ಬುಂದಿಯ ಬುಟ್ಟಿ ಹಿಡಿದು ಪಂಕ್ತಿಗೆ ಇಳಿದನೆಂದರೆ, 'ಸಾಕು' ಎಂದವರ ಎಲೆಗೆ ಇನ್ನೊಂದು ಮುಷ್ಟಿ, 'ಬ್ಯಾಡ' ಎಂದವರಿಗೆ ಎರಡು, ಮೇಲೊಂದು ನಗೆಚಾಟಿಕೆ. ಹೀಗಾಗಿ ಅವನ ಫೋಟೋಗಳೆಲ್ಲ ಊರಮಂದಿಯ ಆಲ್ಬಮ್ಮುಗಳಲ್ಲೇ ಇದ್ದವು: ಮುಂದೆ ವಧೂವರರು, ಹಿಂದೆ ಮೂಲೆಯಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಅಗಲವಾಗಿ ತೆರೆದ ಬಾಯಿ. ತನ್ನ ಮದುವೆಯಲ್ಲೇ ಪಂಕ್ತಿ ಕೂತದ್ದು ಕಂಡು ಬಾಸಿಂಗದ ಸಮೇತ ಎದ್ದು ಹೋದ ಮಹಾರಾಯ ಅವನು. ಅವರ ಮದುವೆ ಫೋಟೋದಲ್ಲಿ ವೈನಿಯ ಪಕ್ಕ ಖಾಲಿ ಕುರ್ಚಿ ಇದೆ.

ನಮ್ಮ ಮೂವರಲ್ಲಿ ಇಸ್ಮಾಯಿಲನದೇ ಫ್ಲೆಕ್ಸಿನ ಅಂಗಡಿ, ನಾವು ಕೂತದ್ದೂ ಅಲ್ಲೇ. ಕಬ್ಬೂರಿನ ಬಾಳಪ್ಪ ಚೀಲದ ತುಂಬ ಆಲ್ಬಮ್ಮು ಹೊತ್ತು ತಂದಿದ್ದ. ಅದರಲ್ಲಿ ಅವನ ತಂಗಿಯ ಮದುವೆಯದೂ ಒಂದು. ಆ ಮದುವೆ ರಾಯಬಾಗದಲ್ಲಿ. ತಡವಾಗಿ ಬಂದ ಅಪ್ಪಾಸಾಬ ಗಡಿಬಿಡಿಯಲ್ಲಿ ಪಕ್ಕದ ಮಂಗಲ ಕಾರ್ಯಾಲಯಕ್ಕೆ ನುಗ್ಗಿ, ಗುರುತಿಲ್ಲದ ಮಂದಿಗೆ ಮೂರು ಪಂಕ್ತಿ ಬಡಿಸಿದ. ಗಂಡಿನ ಕಡೆಯವನೆಂದು ಹೆಣ್ಣಿನವರು, ಹೆಣ್ಣಿನ ಕಡೆಯವನೆಂದು ಗಂಡಿನವರು ತಿಳಿದು ಇಬ್ಬರೂ ಟಾವೆಲ್ಲು-ಟೋಪಿಯ ಆಹೇರ, ಅಂದರೆ ಉಡುಗೊರೆ, ಮಾಡಿ ಕಳಿಸಿದರು. ಒಂದರ ಮೇಲೊಂದು ಎರಡು ಟೋಪಿ ಹಾಕಿಕೊಂಡು ನಮ್ಮಲ್ಲಿಗೆ ಬಂದಾಗ ಬಾಳಪ್ಪ ಹರಿಹಾಯ್ದ.

"ಲೇ ಅಪ್ಯಾ, ಮದವಿ ಇಲ್ಲೈತಿ!"

"ಅಲ್ಲೂ ಮದವೀನ ಇತ್ತಲೇ!"

ಆ ಎರಡು ಟೋಪಿಯ ಫೋಟೋ ಕೈಗೆ ಸಿಕ್ಕಿತು ನೋಡಿ, ಇಸ್ಮಾಯಿಲ ಹೊಟ್ಟೆ ಹಿಡಿದುಕೊಂಡು ಸ್ಟೂಲಿನಿಂದ ಜಾರಿದ, ಬಾಳಪ್ಪನ ಕಟ್ಟಿಸಿದ ಹಲ್ಲು ಸಡಿಲಾದವು. ದಾರಿಯಲ್ಲಿ ಹೋಗುತ್ತಿದ್ದ ತೆಲಸಂಗದ ರೈತನೊಬ್ಬ ಒಳಗೆ ಇಣುಕಿ, "ಏನ್ರಿಪಾ, ಯಾರರೆ ಆರಿಸಿ ಬಂದ್ರೇನು?" ಎಂದು ಕೇಳಿದ. "ಇಲ್ರಿ, ನಮ್ಮ ದೋಸ್ತ ಸತ್ತಾನ್ರಿ," ಎಂದು ಬಾಳಪ್ಪ ನಗುತ್ತಲೇ ಹೇಳಿದ. ಆ ಮನುಷ್ಯ ಹಿಂದೆ ತಿರುಗಿ ನೋಡದೆ ನಡೆದುಬಿಟ್ಟ.

ಸೂತಕದಲ್ಲಿ ಹೀಗೆ ನಗಬಹುದೇ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ, ನಾನೂ ನಡುನಡುವೆ ಏರಿಸಿಕೊಂಡೆ. ದುಃಖಕ್ಕೆ ಒಂದು ಮರ್ಯಾದೆ ಇದೆ ಎನ್ನುತ್ತಾರೆ. ಇರಲಿ, ಅದನ್ನು ನಾನೂ ಮಕ್ಕಳಿಗೆ ಪಾಠ ಮಾಡಿದವನೇ. ಆದರೆ ಸತ್ತವನ ಮನೆಯಲ್ಲಿ ನಗಬಾರದೆಂಬ ಶಾಸ್ತ್ರ ಬರೆದ ಪುಣ್ಯಾತ್ಮನಿಗೆ ನಮ್ಮ ಅಪ್ಪಾಸಾಬ ಒಂದು ಸಲವೂ ಬುಂದಿ ಬಡಿಸಿರಲಿಕ್ಕಿಲ್ಲ. ಅವನನ್ನು ಅತ್ತು ನೆನೆಯಬೇಕೆಂದರೆ ಮೊದಲು ಅವನನ್ನೇ ಮರೆಯಬೇಕಾಗಿತ್ತು. ಮಣ್ಣಿಗೆ ಹೋದ ದಿನವೂ ನನಗೆ ಅಳು ಬಂದಿರಲಿಲ್ಲ, ಆ ಮಾತು ಒಳಗೊಳಗೇ ಚುಚ್ಚುತ್ತಿತ್ತು.

ಕೊನೆಗೆ ಬಾಯಿ ಮುಚ್ಚಿದ ಫೋಟೋ ಸಿಕ್ಕಿದ್ದು ಆಧಾರ್ ಕಾರ್ಡಿನಲ್ಲಿ. ಅದರಲ್ಲಿ ಅವನು ಬಾವಿಯ ಮೋಟಾರು ಕದ್ದು ಸಿಕ್ಕಿಬಿದ್ದವನ ಹಾಗಿದ್ದ. ಇಸ್ಮಾಯಿಲ ತಲೆ ಕೆರೆದುಕೊಂಡು, "ಒಂದು ಕೆಲಸ ಮಾಡೂಣು, ಆಧಾರಿನ ತುಟಿ ತಗದು ಮದವಿ ಫೋಟೋಕ ಹಚ್ಚತೇನಿ," ಎಂದ. ಫೋಟೋ ನನ್ನ ಮದುವೆಯದು. ಕಂಪ್ಯೂಟರಿನಲ್ಲಿ ಅಲ್ಲಿ ಅಳಿಸಿ ಇಲ್ಲಿ ಅಂಟಿಸಿ, ಇಪ್ಪತ್ತು ನಿಮಿಷದಲ್ಲಿ ಅಪ್ಪಾಸಾಬನ ಬಾಯಿ ಮುಚ್ಚಿಸಿಬಿಟ್ಟ. ಗಂಭೀರ ವದನ, ಶಾಂತ ತುಟಿ, ಯಾವ ಹಿರಿಯರ ಸಾಲಿನಲ್ಲೂ ನಿಲ್ಲಿಸಬಹುದಾದ ಮುಖ.

ನಮ್ಮ ನಗು ನಿಂತೇಹೋಯಿತು. ಬಾಳಪ್ಪ ಹೊರಗೆ ಹೋಗಿ ಎಲೆಅಡಿಕೆ ಉಗುಳಿ ಬಂದ, ಬಂದವನು ಆ ಕಡೆ ನೋಡಲಿಲ್ಲ. ನನಗೆ ಆಗಲೇ, ಹತ್ತು ದಿನ ತಡವಾಗಿ, ಅಪ್ಪಾಸಾಬ ಸತ್ತದ್ದು ತಿಳಿಯಿತು. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳುವ ನೆವದಲ್ಲಿ ಹಸುಗೂಸಿನಂತೆ ಅತ್ತೆ.

ಆದರೂ ಮಾತು ಕೊಟ್ಟಾಗಿತ್ತು. ಫೋಟೋವನ್ನು ಮೊಬೈಲಿಗೆ ಹಾಕಿಸಿಕೊಂಡು ವೈನಿಯ ಮುಂದೆ ಹಿಡಿದೆವು. ಆಕೆ ಕನ್ನಡಕ ತಂದು ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮ ಮೂವರ ಮುಖ ನೋಡಿದಳು.

"ಬಾಯಿ ಮುಚ್ಚರಿ, ಬಾಯಿ ಮುಚ್ಚರಿ ಅಂತ ಮೂವತ್ತ ವರ್ಷ ಬಡಕೊಂಡ್ನಿ, ನನ್ನ ಕಡೆ ಆಗಲಿಲ್ಲ. ನೀವು ಹೆಂಗ ಮುಚ್ಚಿಸಿದ್ರೋ ಯಪ್ಪಾ!"

ಹೇಳುತ್ತ ಹೇಳುತ್ತಲೇ ಆಕೆಗೆ ನಗು ಒತ್ತರಿಸಿ ಬಂತು, ನಗುವಿನ ಹಿಂದೆಯೇ ಅಳು. ಸೆರಗಿನಲ್ಲಿ ಯಾವುದನ್ನು ಒರೆಸಿಕೊಂಡಳೋ ನನಗೆ ತಿಳಿಯಲಿಲ್ಲ. ಮೊಬೈಲನ್ನು ಇಸ್ಮಾಯಿಲನ ಕೈಗೆ ತುರುಕಿ, "ತಗೀರಿ ಭಾವಜಿ, ಇದ್ದಂಗ ಮಾಡ್ರಿ," ಎಂದಳು.

ನನ್ನ ಮದುವೆ ಫೋಟೋದಲ್ಲಿ ನನ್ನನ್ನೂ ನನ್ನ ಹೆಂಡತಿಯನ್ನೂ ಕತ್ತರಿಸಿ ಒಗೆದು, ಅಪ್ಪಾಸಾಬನನ್ನೂ ಬುಟ್ಟಿಯನ್ನೂ ದೊಡ್ಡದು ಮಾಡಿದರು. ಹನ್ನೊಂದನೆಯ ದಿನ ಮುಂಜಾನೆ ಫ್ಲೆಕ್ಸು ಚೌಕಿನಲ್ಲಿ ಏರಿತು, ಮೂವತ್ತೆರಡೂ ಹಲ್ಲು ಬಿಸಿಲಿಗೆ ಹೊಳೆದವು.

ಮಿರಜದ ಅಣ್ಣ ಗಾಡಿಯಿಂದ ಇಳಿದವನೇ ತಲೆಯೆತ್ತಿ ನೋಡಿ, ಮುಖ ಗಂಟಿಕ್ಕಿದ. ವೈನಿ ಅವನನ್ನು ಕರೆದುಕೊಳ್ಳಲು ಬಂದು ಪಕ್ಕದಲ್ಲೇ ನಿಂತಿದ್ದಳು.

"ಏನಬೇ ಸುಮನ್, ಇದಕಿಂತ ಚಲೋ ಫೋಟೋ ಒಂದೂ ಇರಲಿಲ್ಲೇನ?"

ವೈನಿ ಸೆರಗು ಸರಿಮಾಡಿಕೊಂಡಳು.

"ಇತ್ತಣ್ಣಾ. ಅದರಾಗ ಇವರು ಇರಲಿಲ್ಲ."