ಲಕೋಟೆಯಲ್ಲಿ ಬಂದ ಹಳೆಯ ರಕ್ತದ ವರದಿಗಳು

ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ವಿದ್ಯಾರ್ಥಿಗಳ ನೆರವಿಗೆಂದು ನನ್ನನ್ನು ನೇಮಿಸಿಕೊಂಡಾಗ ಕೆಲಸವೆಂದರೆ ಬರೀ ಅರ್ಜಿಗಳು ಎಂದುಕೊಂಡಿದ್ದೆ. ಅದು ಸುಳ್ಳೂ ಅಲ್ಲ. ಜಾತಿ ಪ್ರಮಾಣಪತ್ರ, ಹಾಸ್ಟೆಲ್ ಕೋಣೆ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದು. ಕಾಪುವಿನಿಂದ ಬೆಳಿಗ್ಗೆ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿದರೆ ಒಂಬತ್ತಕ್ಕೆ ಮೇಜಿನ ಮುಂದಿರುತ್ತಿದ್ದೆ.

ಆ ವರ್ಷ ಕೊರಗ ಸಮುದಾಯದ ಹುಡುಗಿಯೊಬ್ಬಳು ಎಂ.ಎಸ್ಸಿ. ಮುಗಿಸಿ, ರಕ್ತಹೀನತೆಯ ಕುರಿತ ಸಂಶೋಧನೆಗೆ ಸಹಾಯಕಿಯಾಗಿ ಸೇರಿದಳು. ಅಜೆಕಾರಿನ ಕಡೆಯವಳು. ತನ್ನದೇ ಕಾಲೊನಿಯಿಂದ ರಕ್ತದ ಮಾದರಿ ತರುವ ಕೆಲಸ ಅವಳ ಪಾಲಿಗೆ ಬಂತು. ವಾರ ಕಳೆದ ಮೇಲೆ ಖಾಲಿ ಪೆಟ್ಟಿಗೆ ಹಿಡಿದು ನನ್ನ ಕೋಣೆಗೆ ಬಂದಳು.

"ಒಬ್ಬರೂ ಒಪ್ಪಲಿಲ್ಲ ಮೇಡಂ. ಅಮ್ಮ ಕೂಡ."

"ಎಂತಕ್ಕೆ?"

"ನಾನು ಎಂಟನೇ ಕ್ಲಾಸಲ್ಲಿದ್ದಾಗ ಯಾರೋ ಬಂದು ರಕ್ತ ತೆಗೆದುಕೊಂಡು ಹೋಗಿದ್ರು. ಅದರಲ್ಲಿ ಎಂತ ಇತ್ತು ಅಂತ ಯಾರೂ ತಿರುಗಿ ಹೇಳ್ಲಿಲ್ಲ. ಈಗ ನೀನೂ ಅವರ ಹಾಗೆಯೇ ಬಂದಿದ್ದೀ ಅಂತಾರೆ ಅಮ್ಮ."

ಅಳಲಿಲ್ಲ. ಕೆಲಸ ಬಿಡುತ್ತೇನೆ ಎಂದಳು, ಅಷ್ಟೆ.

ಸ್ವಲ್ಪ ತಡೆ ಎಂದು ನಾನು ಫೋನು ಹಿಡಿದು ಕುಳಿತೆ. ಹಿಂದೆ ಬಂದಿದ್ದ ತಂಡ ಬೇರೆ ರಾಜ್ಯದ್ದು, ಮುಖ್ಯಸ್ಥರು ನಿವೃತ್ತರಾಗಿದ್ದರು. ಅವರೊಡನೆ ಕೆಲಸ ಮಾಡಿದ್ದ ಟೆಕ್ನಿಶಿಯನ್ ಒಬ್ಬರು ಸಿಕ್ಕರು. ಪುಣ್ಯಾತ್ಮರು, ಹಳೆಯ ಫೈಲು ಹುಡುಕಿ, ಮೇಲಿನವರ ಒಪ್ಪಿಗೆ ಪಡೆದು, ಒಬ್ಬೊಬ್ಬರ ವರದಿಯನ್ನೂ ಬೇರೆ ಬೇರೆ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು.

ನಾವಿಬ್ಬರೂ ಕಾರ್ಕಳದ ಮಾರ್ಗವಾಗಿ ಅವಳ ಕಾಲೊನಿಗೆ ಬಸ್ಸಿನಲ್ಲಿ ಹೋದೆವು. ಅವಳ ತಾಯಿ ಜಗಲಿಯಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಮಗಳು ಅವರ ಹೆಸರಿನ ಲಕೋಟೆ ಒಡೆದು ಓದಿದಳು. ರಕ್ತ ತೀರಾ ಕಡಿಮೆ ಇತ್ತು, ಆಗಲೇ ಔಷಧಿ ಬೇಕಿತ್ತು.

ತಾಯಿ ಹೆಣೆಯುವುದನ್ನು ನಿಲ್ಲಿಸಿದರು. "ಆ ವರ್ಷ ನಾನು ತಲೆ ತಿರುಗಿ ತಿರುಗಿ ಬೀಳ್ತಿದ್ದೆ, ನೆನಪುಂಟಾ ಮಗಾ? ಕೆಲಸಕ್ಕೆ ಹೋದಲ್ಲಿ ಸೋಮಾರಿ ಅಂದ್ರು."

"ತಪ್ಪಾಯಿತು" ಎಂದೆ.

"ನೀವು ತೆಗೆದದ್ದಾ?"

"ಅಲ್ಲ."

"ಮತ್ತೆ ನೀವು ಯಾಕೆ ಹೇಳೋದು?"

ನಾನು ಉಳಿದ ಲಕೋಟೆಗಳನ್ನು ಎತ್ತಿಕೊಂಡೆ. ಉಳಿದ ಮನೆಗಳಿಗೂ ಹೋದೆವು. ಒಂದು ಲಕೋಟೆಯನ್ನು ಮಾತ್ರ ವಾಪಸು ತಂದೆವು. ಅದು ಸೇರಬೇಕಾಗಿದ್ದ ಹೆಂಗಸು ತೀರಿಕೊಂಡಿದ್ದರು, ಅವರ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ಮರುದಿನ ಹುಡುಗಿ ಸಂಶೋಧನೆ ನಡೆಸುತ್ತಿದ್ದ ಪ್ರೊಫೆಸರರ ಎದುರು ನಿಂತಳು. ರಕ್ತ ತೆಗೆದ ಹದಿನೈದು ದಿನದೊಳಗೆ ಮನೆಗೇ ಹೋಗಿ, ತುಳುವಿನಲ್ಲಿ ಫಲಿತಾಂಶ ಹೇಳುತ್ತೇವೆ ಎಂದು ಒಪ್ಪಿಗೆ ಪತ್ರದಲ್ಲಿ ಬರೆಯಬೇಕು ಎಂದಳು. ಅಷ್ಟು ಬೇಗ ಆಗುವುದು ಕಷ್ಟ ಎಂದರು ಅವರು.

"ಹಾಗಾದ್ರೆ ಬೇರೆಯವರನ್ನು ಕಳಿಸಿ ಸರ್."

ಅವರು ಒಪ್ಪಿಗೆ ಪತ್ರವನ್ನು ಅವಳ ಕಡೆ ತಳ್ಳಿ, "ಬರಿ ಮಾರಾಯ್ತಿ, ಸಹಿ ಹಾಕ್ತೇನೆ" ಎಂದರು.

ಎರಡನೇ ಸಲ ಹಲವರು ಒಪ್ಪಿದರು. ಮಾತು ಕೊಟ್ಟ ದಿನಕ್ಕೆ ಮೊದಲೇ ಅವಳು ಎಲ್ಲರ ಮನೆಗೂ ಹೋಗಿ ಬಂದಳು. ಅವಳ ತಾಯಿ ಮಾತ್ರ ಕೊನೆಗೂ ಒಪ್ಪಲಿಲ್ಲ. ಮಗಳ ಜೊತೆ ಕಾರ್ಕಳದ ಸರಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು, ಮಾತ್ರೆ ಶುರು ಮಾಡಿದರು. ಸಂಶೋಧನೆಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅದಕ್ಕಾಗಿ ಮಗಳು ಅವರನ್ನು ಒತ್ತಾಯಿಸಲೂ ಇಲ್ಲ.