ಪಾದವಿದ್ದ ಅಕ್ಷರಗಳು

ನಿನ್ನೆ ಇಲ್ಲಿ ಪರದೇಶದಲ್ಲಿ, ಫಾರ್ಮರ್ಸ್ ಬ್ರಾಂಚ್ ಅನ್ನೋ ಊರಿನ ಹತ್ತಿರ ಸಿಗ್ನಲ್‌ನಲ್ಲಿ ಕಾರು ನಿಂತಾಗ, ಪಕ್ಕದಲ್ಲಿ ಕೂತಿದ್ದ ಅಮ್ಮ ಒಂದು ಲಾಯರ್ ಆಫೀಸಿನ ಬೋರ್ಡನ್ನೇ ನೋಡುತ್ತಿದ್ದಳು. ದಪ್ಪ ಕಪ್ಪು ಇಂಗ್ಲಿಷ್ ಅಕ್ಷರಗಳು, ಗೆರೆಯ ತುದಿಗಳಿಗೆಲ್ಲ ಪುಟ್ಟ ಪಾದ. ನನಗೆ ಮೈಸೂರಿನ ಮನೆಯ ಬಿಸ್ಕತ್ತಿನ ಡಬ್ಬಿ ನೆನಪಾಯಿತು.

ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ನನಗೆ ಹೇಳಿಕೊಡಬೇಕು ಅಂತಲೇ ಆ ಡಬ್ಬಿಯ ಮುಚ್ಚಳ ನೋಡಿಕೊಂಡು ಇಂಗ್ಲಿಷ್ ಅಕ್ಷರ ಕಲಿತಳು. ಸಾರು ಕುದಿಯುವಷ್ಟು ಹೊತ್ತು ನನ್ನ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದಲ್ಲಿದ್ದ ಹಾಗೇ ಒಂದು ಗೆರೆಯನ್ನು ತಿದ್ದಿ ತಿದ್ದಿ ದಪ್ಪ ಮಾಡಿ, ಕೊನೆಗೆ ಪಾದ ಇಡುತ್ತಿದ್ದಳು. "ನಮ್ಮ ಅಕ್ಷರಕ್ಕೆ ತಲೆಕಟ್ಟು ಇರೋ ಹಾಗೆ ಇವಕ್ಕೆ ಪಾದ ಕಣೋ. ಇಲ್ದಿದ್ರೆ ನಿಲ್ಲಲ್ಲ."

ಶಾಲೆಯಲ್ಲಿ ನಾನು ನಾಲ್ಕು ಪಾದದ ಎಚ್ ಬರೆದೆ. ಮಿಸ್ಸು ಸ್ಲೇಟು ಎತ್ತಿ ತೋರಿಸಿದರು, ಕ್ಲಾಸೆಲ್ಲ ನಕ್ಕಿತು. ಅವತ್ತು ಸಂಜೆ ಅಮ್ಮ ಸ್ಲೇಟು ಹಿಡಿದಾಗ ಕಿತ್ತುಕೊಂಡೆ. "ನಿಂಗೆ ಇಂಗ್ಲಿಷ್ ಬರಲ್ಲ. ನೀನು ಹೇಳಿಕೊಡ್ಬೇಡ." ಅವಳು ಬಳಪದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಒಲೆ ಕಡೆ ಹೋದಳು. ಆಮೇಲೆ ಅವಳು ಇಂಗ್ಲಿಷಿನಲ್ಲಿ ಒಂದಕ್ಷರ ಬರೆದದ್ದನ್ನು ನಾನು ನೋಡಿಲ್ಲ.

ನಿನ್ನೆ ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು. ಅಮ್ಮ ಅವಳಿಗೆ ಬೋರ್ಡು ತೋರಿಸಿ ಕೇಳಿದಳು, "ಪುಟ್ಟಿ, ಹೀಗೆ ಪಾದ ಇಟ್ಟು ಬರೆದ್ರೆ ತಪ್ಪಾ?"

"ನೋ ಅಜ್ಜಿ, ಆ ಪಾದಕ್ಕೆ ಸೆರಿಫ್ ಅಂತಾರೆ. ಇಟ್ಸ್ ಪ್ರೆಟಿ."

"ಹೌದಾ" ಅಂದಳು ಅಮ್ಮ. ನನ್ನ ಕಡೆ ಮಾತ್ರ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.